ಎರಡನೇ ರೀಲು ಕೊನೆಗೆ ಬಂದ ಭಾನುವಾರ

ಬೆಳಗಿನ ಐದೂವರೆ. ಮುಂಬಯಿ ಬಳಿಯ ಕಲ್ಯಾಣ ಸ್ಟೇಷನ್ನಿನ ಪಶ್ಚಿಮಕ್ಕಿರುವ ಟಾಕೀಸಿನ ಮೇಲಿನ ಕೋಣೆಯಲ್ಲಿ ಚಂದ್ರಾಮ ಸ್ಟೂಲಿನ ಮೇಲೆ ಕೂತು ಬೆರಳಿನಿಂದ ಸಿನಿಮಾ ನೋಡುತ್ತಿದ್ದಾರೆ. ಎಡಗೈ ರೀಲಿನ ಹಿಡಿ ತಿರುಗಿಸುತ್ತದೆ. ಬಲಗೈಯ ಹೆಬ್ಬೆರಳು, ತೋರುಬೆರಳ ನಡುವೆ ಫಿಲ್ಮು ಸರಸರ ಜಾರುತ್ತದೆ. ತಟ್ಟನೆ ಕೈ ನಿಲ್ಲುತ್ತದೆ. ಇವರ ಬಗ್ಗೆ ಬರೆಯಲು ಬಂದ ನನ್ನ ಕಣ್ಣಿಗೆ ಏನೂ ಕಾಣದು.

“ಇಲ್ಲಿ ಅದ ನೋಡ್ರಿ, ಅಂಚಿಂದು ಎರಡು ತೂತು ಹರದಾವ. ಹಿಂಗೇ ಬಿಟ್ರ ಮಷೀನಿನಾಗ ಫಟ್ ಅಂತದ. ಆಮ್ಯಾಲ ಮುಂದಿನ ಬೆಂಚಿನವರು ನಮ್ಮವ್ವನ ಹೆಸರು ತಗೀತಾರ” ಎನ್ನುತ್ತಾ ಹರಿದ ಜಾಗ ಕತ್ತರಿಸಿ, ಬ್ಲೇಡಿನಿಂದ ತುದಿ ಕೆರೆದು, ಅಂಟು ಸವರಿ, ಒತ್ತಿ ಹಿಡಿದು ಹತ್ತು ಎಣಿಸುತ್ತಾರೆ. ಒಂದು ಜಾಯಿಂಟ್ ಆಯಿತು.

ಈ ಕೆಲಸಕ್ಕೆ ಚೆಕ್ಕರ್ ಎಂದು ಹೆಸರು. ಪೋಸ್ಟರಿನಲ್ಲಿ ಇವರಿಲ್ಲ, ಟಿಕೆಟ್ ಕಿಟಕಿಯಲ್ಲೂ ಇಲ್ಲ. ಫಿಲ್ಮಿನ ಒಂದಡಿಗೆ ಒಂದು ಅಂಚಿನಲ್ಲೇ ಅರವತ್ತನಾಲ್ಕು ತೂತು, ಒಂದು ರೀಲಿಗೆ ಹತ್ತಿರಹತ್ತಿರ ಎರಡು ಸಾವಿರ ಅಡಿ. ಭಾನುವಾರದ ಮಾರ್ನಿಂಗ್ ಶೋಗೆ ಬರುವ ಹಳೇ ಇಂಗ್ಲಿಷ್ ಚಿತ್ರಕ್ಕೆ ನಾಲ್ಕು ರೀಲು. ಅಷ್ಟೂ ಈ ಎರಡು ಬೆರಳ ನಡುವೆ ಹಾದೇ ಹೋಗಬೇಕು.

ಆ ಚಿತ್ರಗಳೆಲ್ಲ ಒಂದೇ ಜಾತಿಯವು. ಒಬ್ಬ ವಿಜ್ಞಾನಿ, ಕುದಿಯುವ ಗಾಜಿನ ಬುರುಡೆಗಳು, ಬೇಡವೆನ್ನುವ ಹೆಂಡತಿ. ಅವನು ಕೇಳುವುದಿಲ್ಲ. ಪ್ರಯೋಗ ಕೆಟ್ಟು ಮನುಷ್ಯನೇ ಬೇರೆ ಏನೋ ಆಗಿಬಿಡುತ್ತಾನೆ. ಇದನ್ನು ನೋಡಲು ಡೊಂಬಿವಲಿಯ ಕಾರ್ಖಾನೆ ಪ್ರದೇಶ ಎಂಐಡಿಸಿಯಿಂದ ಕನ್ನಡದ ಕಾರ್ಮಿಕರು ಲೋಕಲ್ ಹತ್ತಿ ಬರುತ್ತಾರೆ. ಇಂಗ್ಲಿಷಿನ ಒಂದಕ್ಷರ ತಿಳಿಯದವರಿಗೆ ಇದರಲ್ಲೇನು ರುಚಿ?

ಚಂದ್ರಾಮರಿಗೆ ನಗು. “ಮಾತು ಯಾಕ ಬೇಕ್ರೀ? ಪೈಪ್ ಅದ, ಅದನ್ನ ಬಂದ್ ಮಾಡೋ ವಾಲ್ ಅದ, ಮೀಟರಿನ ಮುಳ್ಳು ಕೆಂಪಿಗೆ ಹೋಗ್ತದ. ದಿನಾ ನೋಡೋದೇ ಅದ. ಹಳದಿ ಹೊಗಿ ಬಂದ್ರ ನಾವು ಗೇಟಿನ ಕಡಿ ಓಡ್ತೀವಿ. ಈ ಶ್ಯಾಣ್ಯಾ ಒಳಗ ಹೋಗಿ ಬಾಗಲಾ ಹಾಕ್ಕೋತಾನ! ಮುಂದಿನ ಬೆಂಚಿನವರು ಒದರ್ತಾರ, ‘ಏ ಸಾಹೇಬ, ವಾಲ್ ಬಂದ್ ಮಾಡೋ!’ ಅಂತ. ಅಂವ ಒಮ್ಮಿನೂ ಮಾಡಿಲ್ಲ.”

ಗುಲ್ಬರ್ಗಾ ಕಡೆಯಿಂದ ಬಂದ ಚಂದ್ರಾಮ ಹನ್ನೊಂದು ವರ್ಷ ಡೊಂಬಿವಲಿಯದೇ ಒಂದು ಕಾರ್ಖಾನೆಯಲ್ಲಿ ಕೆಮಿಕಲ್ ಡ್ರಮ್ ತೊಳೆದವರು. ಒಂದು ದಿನ ತಳದಲ್ಲಿ ಉಳಿದದ್ದು ಸಿಡಿದು ಎಡ ಅಂಗೈ ಸುಟ್ಟಿತು. ಆ ಕೈಗೆ ಈಗ ಬಿಸಿಯೂ ಗೊತ್ತಾಗದು, ತಂಪೂ ಗೊತ್ತಾಗದು. “ಹಿಡಿ ತಿರುಗಸ್ಲಾಕ ಅಷ್ಟು ಸಾಕು” ಎನ್ನುತ್ತಾರೆ. ಟಾಕೀಸು ಸೇರಿ ಇದು ನಾಲ್ಕನೇ ವರ್ಷ.

ಡ್ರಮ್ಮಿನ ಅಂಗಳದ ಒಂದು ಅಭ್ಯಾಸ ಮಾತ್ರ ಅವರನ್ನು ಬಿಟ್ಟಿಲ್ಲ. ಅಲ್ಲಿ ತೊಳೆದು ಶುದ್ಧವಾದ ಡ್ರಮ್ಮಿಗೆ ಹಸಿರು ಬಣ್ಣ ಬಳಿದು ಸಾಲಿನ ಕೊನೆಗೆ ನಿಲ್ಲಿಸುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಬಂದ ಒಂದು ಚಿತ್ರದ ಎರಡನೇ ರೀಲಿನಲ್ಲಿ ಒಂದೂ ಹರಕು ಸಿಗಲಿಲ್ಲ. ಚಂದ್ರಾಮ ಖುಷಿಯಲ್ಲಿ ಅದರ ಡಬ್ಬಿಗೆ ಹಸಿರು ಗುರುತು ಹಾಕಿದರು. ಕೈ ತನ್ನಷ್ಟಕ್ಕೇ ಅದನ್ನು ಸಾಲಿನ ಕೊನೆಗಿಟ್ಟಿತು. ಮಷೀನಿನ ಆಪರೇಟರ್ ಸಾಲಿನಲ್ಲಿದ್ದ ಹಾಗೆಯೇ ಓಡಿಸಿದ: ಒಂದು, ಮೂರು, ನಾಲ್ಕು, ಕೊನೆಗೆ ಎರಡು.

ಅದು ವಿಜ್ಞಾನಿ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ಮುಖ ಕೆಡಿಸಿಕೊಳ್ಳುವ ಕಥೆ. ಮೂರನೇ ರೀಲಿನಲ್ಲಿ ಮುಖ ಕೆಡುತ್ತದೆ, ನಾಲ್ಕನೆಯದರಲ್ಲಿ ಊರವರು ಅಟ್ಟಿಸಿಕೊಂಡು ಬಂದು ಮನೆಗೆ ಬೆಂಕಿ ಇಡುತ್ತಾರೆ. ಅಲ್ಲಿಗೆ ಮುಗಿಯಬೇಕು. ಆದರೆ ಆ ಪ್ರಿಂಟಿನ ಬಾಲ ಎಂದೋ ಹರಿದುಹೋಗಿ, ಮುಗಿಯಿತೆಂದು ಹೇಳುವ ಅಕ್ಷರಗಳೇ ಇಲ್ಲ. ಬೆಂಕಿಯ ಹಿಂದೆಯೇ ಎರಡನೇ ರೀಲು ಬಂತು. ವಿಜ್ಞಾನಿ ಚೆಂದದ ಮುಖ ಹೊತ್ತು ಹೆಂಡತಿಯ ಜೊತೆ ತೋಟದಲ್ಲಿ ನಗುತ್ತಾ ನಡೆಯುತ್ತಿದ್ದಾನೆ!

“ಆರಾಮಾದ! ಸಾಹೇಬ ಆರಾಮಾದ!” ಎಂದು ಮುಂದಿನ ಬೆಂಚುಗಳು ಎದ್ದು ನಿಂತು ಶಿಳ್ಳೆ ಹೊಡೆದವು. ಮ್ಯಾನೇಜರ್ ಗುರುವಪ್ಪ ಮಾತ್ರ ಮೇಲೆ ಬಂದು, ಇನ್ನೊಮ್ಮೆ ಹೀಗಾದರೆ ಕೆಲಸ ಬಿಟ್ಟು ಮನೆಗೆ ಹೋಗುವುದೇ ಗತಿ ಎಂದು ಚಂದ್ರಾಮರಿಗೆ ಎಚ್ಚರಿಕೆ ಕೊಟ್ಟರು.

ಅಂದು ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದವನು ಅಂಬಾರಾಯ, ಅದೇ ಡ್ರಮ್ಮಿನ ಅಂಗಳದ ಕೆಲಸಗಾರ. ಎರಡು ತಿಂಗಳಾದ ಮೇಲೆ ಪೈಪೊಂದು ಒಡೆದು ಅವನ ಮುಖದ ಅರ್ಧ ಬೆಂದುಹೋಯಿತು. ಆಸ್ಪತ್ರೆಯಿಂದ ಬಂದವನು ಚಾಳಿನ ಕೋಣೆ ಬಿಟ್ಟು ಹೊರಬರಲಿಲ್ಲ.

ಈ ವಾರ ಅದೇ ಚಿತ್ರ ಮತ್ತೆ ಬಂದಿದೆ. ಗುರುವಾರ ಅಂಬಾರಾಯನ ಹೆಂಡತಿ ಭೀಮಮ್ಮ ಚಂದ್ರಾಮರನ್ನು ಹುಡುಕಿಕೊಂಡು ಬಂದಳಂತೆ. “ಅಣ್ಣಾ, ಆ ಪಿಕ್ಚರಿಗಿ ಬರ್ತೀನಿ ಅಂದಾರ. ನಾಕು ತಿಂಗಳಾದ ಮ್ಯಾಲ ಬಾಯಿ ಬಿಟ್ಟು ಬೇಡಿದ್ದು ಇದೊಂದೇ. ಹೋದ ಸಲದಂಗೇ ತೋರಿಸು. ಆ ಮನಿಷಾ ಸುಟ್ಟು ಸಾಯೋದು ಅವರು ನೋಡೋದು ಬ್ಯಾಡ” ಎಂದಳಂತೆ.

ಬೆಳಗಾಗಿದೆ. ನಾಲ್ಕು ಡಬ್ಬಿಗಳು ಸಿದ್ಧ. ಚಂದ್ರಾಮ ಕದ್ದು ಮಾಡುವವರಲ್ಲ, ಕೆಳಗಿಳಿದು ಗುರುವಪ್ಪನವರಿಗೆ ಎಲ್ಲ ಹೇಳುತ್ತಾರೆ.

“ಎಂತ ಮಾರಾಯ, ಪಿಕ್ಚರ್ ಅಂದ್ರೆ ಕೇರಂ ಬೋರ್ಡಾ, ಬೇಕಾದ ಕಾಯಿ ಬೇಕಾದಲ್ಲಿ ಇಡ್ಲಿಕ್ಕೆ?” ಗುರುವಪ್ಪ ಸಿಡುಕುತ್ತಾರೆ. “ಬಾಲ್ಕನಿಯಲ್ಲಿ ಇಂಗ್ಲಿಷ್ ಗೊತ್ತಿರುವವರು ಇರ್ತಾರೆ. ಧಣಿಗೆ ಕಂಪ್ಲೇಂಟ್ ಹೋದ್ರೆ ನಾನು ನಿನ್ನ ಹೆಸರೇ ಹೇಳುವುದು.”

“ಹೇಳ್ರಿ ಸಾಹೇಬ್ರ. ಮಾಡೋದು ನಾನೇ ಅಲ್ರೀ.”

ಗುರುವಪ್ಪ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಾರೆ. “ನೀನು ನನಗೆ ಏನೂ ಹೇಳಿಲ್ಲ. ನಾನು ಚಾ ಕುಡೀಲಿಕ್ಕೆ ಹೋಗಿದ್ದೆ” ಎಂದು ಎದ್ದು ಹೋಗುತ್ತಾರೆ. ಚಂದ್ರಾಮ ಮೇಲೆ ಹೋಗಿ ಹಸಿರು ಗುರುತಿನ ಡಬ್ಬಿಯನ್ನು ಮತ್ತೆ ಸಾಲಿನ ಕೊನೆಗಿಡುತ್ತಾರೆ.

ದೀಪ ಆರಿದ ಮೇಲೆ ಅಂಬಾರಾಯ ಒಳಗೆ ಬರುತ್ತಾನೆ, ತಲೆಯಿಂದ ಗದ್ದದವರೆಗೆ ಟವೆಲು. ಬೆಂಚಿನವರು ಏನೂ ಕೇಳದೆ ಸರಿದು ಜಾಗ ಕೊಡುತ್ತಾರೆ. ಮುಖ ಕೆಡುತ್ತದೆ, ಬೆಂಕಿ ಏಳುತ್ತದೆ, ತೋಟ ಬರುತ್ತದೆ, ಶಿಳ್ಳೆಯೂ ಬರುತ್ತದೆ. ಮೇಲೆ ಚಂದ್ರಾಮ ಸಣ್ಣ ಕಿಂಡಿಗೆ ಕಣ್ಣಿಟ್ಟು ಪರದೆ ಬಿಟ್ಟು ಬೆಂಚನ್ನೇ ನೋಡುತ್ತಿದ್ದಾರೆ.

ಶೋ ಬಿಟ್ಟ ಮೇಲೆ ಬಾಲ್ಕನಿಯ ಒಬ್ಬರು ಗುರುವಪ್ಪನವರನ್ನು ತಡೆದು, ಕಥೆ ಹಿಂದುಮುಂದಾಗಿದೆ ಎನ್ನುತ್ತಾರೆ. “ಇಂಗ್ಲಿಷ್ ಪಿಕ್ಚರ್ ಅಲ್ವಾ ಸಾರ್, ಅವರದ್ದು ಹಾಗೇ” ಎಂದು ಗುರುವಪ್ಪ ಕೈ ಮುಗಿಯುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, “ಬರೆಯುವುದಾದ್ರೆ ನನ್ನನ್ನು ಕೇಳಿಯೇ ಮಾಡಿದ್ದು ಅಂತ ಬರೀರಿ. ಪಾಪ, ಅವನೊಬ್ಬನ ತಲೆಗೆ ಬರುವುದು ಬೇಡ.”

ನಾನು ಮೇಲಿನ ಕೋಣೆಗೆ ಹೋಗುವಷ್ಟರಲ್ಲಿ ಅಂಬಾರಾಯ ಮೆಟ್ಟಿಲು ಹತ್ತಿ ಅಲ್ಲಿಗೆ ಬಂದಿದ್ದಾನೆ. ಟವೆಲು ಹೆಗಲ ಮೇಲಿದೆ.

“ಕಾಕಾ, ಹಸಿರು ಡಬ್ಬಿ ಹಿಂದಕ್ಕ ಇಟ್ಟಿ ಹೌದಿಲ್ಲೋ? ನಾನೂ ಡ್ರಮ್ ತೊಳದಾಂವ. ಹೋದ ಸಲನೇ ಗೊತ್ತಾಗಿತ್ತು.”

ಚಂದ್ರಾಮ ಅವನ ಕಡೆ ತಿರುಗುತ್ತಾರೆ. “ಗೊತ್ತಿದ್ದೂ ಯಾಕ ಬಂದಿಲೇ?”

“ಮನಿಯಿಂದ ಹೊರಗ ಬರ್ಲಾಕ ಒಂದು ನೆವ ಬೇಕಾಗಿತ್ತು” ಎನ್ನುತ್ತಾನೆ ಅಂಬಾರಾಯ. “ನೀ ಹೆಂಗರೆ ತೋರಸು ಅಂತೀನಿ, ಕಡಿಗಿ ಅಂವ ವಾಲ್ ಬಂದ್ ಮಾಡಲೇ ಇಲ್ಲ ನೋಡು.”

ಇಬ್ಬರೂ ನಗುತ್ತಾರೆ. ಚಂದ್ರಾಮ ಅವನ ಕಡೆ ಸ್ಟೂಲು ತಳ್ಳಿ ರೀಲು ಸುತ್ತಲು ಕೊಡುತ್ತಾರೆ. ತಾವು ಹಸಿರು ಗುರುತನ್ನು ಕೆರೆದು ತೆಗೆದು, ಆ ಡಬ್ಬಿಯನ್ನು ಒಂದನೆಯದರ ಪಕ್ಕಕ್ಕಿಡುತ್ತಾರೆ. ನಾಳೆ ಪ್ರಿಂಟು ಠಾಣೆ ಊರಿನ ಟಾಕೀಸಿಗೆ ಹೋಗಬೇಕು. “ಅಲ್ಲಿ ಮಂದಿಗಿ ಇದ್ದ ಕಥೀನೇ ಮುಟ್ಟಬೇಕಲ್ರೀ.”

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಫಿಲ್ಮಿನ ತುದಿ ಬೆಳಕಿಗೆ ಹಿಡಿದು ನೋಡುತ್ತಾ ಹೇಳುತ್ತಾರೆ: “ಒಮ್ಮಿ ಕೆಳಗ ಕುಂತು ನೋಡಬೇಕ್ರಿ, ನಾ ಹಚ್ಚಿದ ಜಾಯಿಂಟ್ ಯಾರ ಕಣ್ಣಿಗರೆ ಬೀಳ್ತದೇನು ಅಂತ. ಇವತ್ತಿಂದರಾಗ ಹದಿನೇಳು ಇದ್ದವು. ಅಗೋ, ಅಂಬಾರಾಯಗೇ ಕೇಳ್ರಿ.”

ಕಿಟಕಿಯ ಬಿಸಿಲು ಅಂಬಾರಾಯನ ಬೆಂದ ಕೆನ್ನೆಯ ಮೇಲೆ ಬಿದ್ದಿದೆ. ಅವನು ಸರಿದು ಕೂರುವುದಿಲ್ಲ, ರೀಲು ತಿರುಗಿಸುತ್ತಲೇ ಇದ್ದಾನೆ.

“ಒಂದೂ ಕಾಣಲಿಲ್ಲ ಕಾಕಾ.”