ಸಿಮೆಂಟಿನ ಬಿರುಕಿನಲ್ಲಿ ಗೌರಿ ಹೂ

ಮಾಗಿದ ಗೌರಿ ಹೂವಿನ ಕಾಯಿಯನ್ನು ಮುಟ್ಟಿದರೆ ಸಾಕು, ಟಪ್ಪೆಂದು ಒಡೆದು, ಹಿಡಿದ ಮಿಡತೆಯ ಹಾಗೆ ಬೆರಳೊಳಗೆ ಮುರುಟಿಕೊಂಡು, ಬೀಜವನ್ನೆಲ್ಲ ಸುತ್ತಲೂ ಎರಚಿಬಿಡುತ್ತದೆ. ಈ ಸಲ ನ್ಯಾಮತಿಯಲ್ಲಿ ಮಳೆ ಹಿಡಿದು ಹದಿನೈದು ದಿನವಾಯಿತು. ಬಟ್ಟೆ ಒಣಗುತ್ತಿಲ್ಲ, ಬೆಂಕಿಕಡ್ಡಿ ಹತ್ತುತ್ತಿಲ್ಲ, ನಮ್ಮ ಬೀದಿಯವರೆಲ್ಲ ಮೋಡಕ್ಕೆ ಹಿಡಿಶಾಪ ಹಾಕುತ್ತಿದ್ದಾರೆ. ಇವತ್ತು ಬೆಳಗ್ಗೆ ಬಾಗಿಲ ಪಕ್ಕದ ಗಿಡದಲ್ಲಿ ಒಂದು ಕಾಯಿ ನನ್ನ ಸೆರಗು ತಾಗಿ ಒಡೆಯಿತು. ಆ ಸಣ್ಣ ಸದ್ದಿಗೆ ನಾನು ಸಾಸ್ವೆಹಳ್ಳಿಯ ನಮ್ಮ ಹಳೆಯ ಮನೆಯ ಹಿತ್ತಲಿಗೆ ಹೋಗಿ ನಿಂತುಬಿಟ್ಟೆ. ಆ ಮನೆ ಈಗಿಲ್ಲ. ಅಂಥದೊಂದು ಹಿತ್ತಲನ್ನು ನೀವೂ ಕಳೆದುಕೊಂಡಿರಬಹುದು. ನನ್ನದನ್ನು ಯಾರು ಕಳೆದರು ಎಂಬುದು ನನಗೆ ಚೆನ್ನಾಗಿ ಗೊತ್ತು, ಅವಳನ್ನು ನಾನಿನ್ನೂ ಕ್ಷಮಿಸಿಲ್ಲ.

ಆ ಹಿತ್ತಲು ನನ್ನ ಅಪ್ಪನ ತಾಯಿಯದು. ಬಚ್ಚಲ ನೀರು ಹರಿದುಹೋಗುವ ಕಡೆ ಅಜ್ಜಿ ಗೌರಿ ಹೂವನ್ನು ಸಾಲಾಗಿ ಬೆಳೆಸುತ್ತಿದ್ದಳು: ಗುಲಾಬಿ, ಬಿಳಿ, ನೇರಳೆ. ಆಷಾಢದ ಜಡಿಮಳೆಗೆ ದಾಸವಾಳ ಕೊಳೆತು ಜೋತುಬೀಳುತ್ತಿತ್ತು, ಮಲ್ಲಿಗೆ ಮೊಗ್ಗಿನಲ್ಲೇ ಕಂದುತ್ತಿತ್ತು. ಗೌರಿ ಹೂ ಮಾತ್ರ ಎಲೆಯ ಕಂಕುಳಲ್ಲಿ ಅಡಗಿ, ತಲೆ ತಗ್ಗಿಸಿಕೊಂಡು ಅರಳುತ್ತಿತ್ತು. ಗೋಣಿಚೀಲದ ಕೊಪ್ಪೆ ಹೊದ್ದು ಅಜ್ಜಿ ಬಗ್ಗಿ ಎಲೆ ಎತ್ತಿದರೆ, ಆ ಕತ್ತಲೆಗಟ್ಟಿದ ಬೆಳಗಿನಲ್ಲಿ ಅಲ್ಲೊಂದೇ ಬೆಳಕು. ಅಂಗೈ ಮೇಲಿನ ಲಿಂಗಕ್ಕೆ ಆ ಹೂವನ್ನಿಟ್ಟ ಮೇಲೆಯೇ ಅವಳು ತಿಂಡಿ ಮುಟ್ಟುತ್ತಿದ್ದದ್ದು. "ಬಿಸಿಲಿನಾಗೆ ಎಲ್ಲಾವೂ ಅರಳ್ತಾವೆ ಕಣವ್ವ. ಮಳ್ಯಾಗೆ ಅರಳ್ತೈತಲ್ಲ, ಅದು ಹೂವು" ಎನ್ನುತ್ತಿದ್ದಳು.

ನನಗೆ ಹತ್ತು ವರ್ಷವಾಗುವ ಹೊತ್ತಿಗೆ ಅವಳ ಕಣ್ಣಿಗೆ ಪೊರೆ ಬಂದಿತ್ತು. ಎರಡು ಮಳೆಗಾಲ ಹೂವನ್ನು ಬೆರಳಿನಿಂದ ಸವರಿ, "ಇದ್ಯಾವ ಬಣ್ಣ?" ಎಂದು ನನ್ನನ್ನು ಕೇಳಿದಳು. ಶ್ರಾವಣದಲ್ಲಿ ಕಣ್ತುಂಬ ಹೂ ನೋಡಬೇಕೆಂದು ಹಟ ಹಿಡಿದೇ ಹೊನ್ನಾಳಿಯಲ್ಲಿ ಆಪರೇಷನ್ ಮಾಡಿಸಿಕೊಂಡು, ಅಲ್ಲೇ ತನ್ನ ಮಗಳ ಮನೆಯಲ್ಲಿ ಎಂಟು ದಿನ ಉಳಿದಳು. ಆ ಎಂಟು ದಿನದಲ್ಲಿ ನನ್ನ ದೊಡ್ಡವ್ವ, ಅಂದರೆ ಅಜ್ಜಿಯ ಹಿರಿಸೊಸೆ, ಗಿಡಗಳನ್ನೆಲ್ಲ ಕಿತ್ತು ತಿಪ್ಪೆಗೆ ಹಾಕಿಸಿದಳು. ಪಾತ್ರೆ ತೊಳೆಯುವುದಕ್ಕೆ ಜಾಗ ಬೇಕೆಂದು, ಮಳೆ ಸುರಿಯುತ್ತಿರುವಾಗಲೇ ಹಿತ್ತಲಿಗೆ ಸಿಮೆಂಟು ಬಳಿಸಿದಳು. ಮಳೆ ನಿಲ್ಲಲಿ ಎಂದು ಗಾರೆಯವನು ಬೇಡಿಕೊಂಡರೂ ಕೇಳಲಿಲ್ಲ. ಅಜ್ಜಿ ಬರುವುದರೊಳಗೆ ಕೆಲಸ ಮುಗಿಯಬೇಕಿತ್ತು.

ಅಜ್ಜಿ ಕಪ್ಪು ಕನ್ನಡಕದಲ್ಲೇ ಬಸ್ಸಿಳಿದು ನೆಟ್ಟಗೆ ಹಿತ್ತಲಿಗೆ ಬಂದಳು. ಕನ್ನಡಕ ತೆಗೆದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಮೆಲ್ಲಗೆ, "ಆಪರೇಷನ್ ಕೆಟ್ಟೈತೆ ಕಣವ್ವ. ಬರೇ ಬೂದಿ ಕಾಣ್ತೈತೆ" ಅಂದಳು.

"ಇಲ್ಲಜ್ಜಿ, ಕಣ್ಣು ಸರಿಯಾಗೈತೆ" ಎಂದು ನಾನೇ ಹೇಳಬೇಕಾಯಿತು. ದೊಡ್ಡವ್ವ ಬಾಗಿಲಲ್ಲೇ ನಿಂತು, "ಹಾವು ಸೇರ್ಕೊಂತಿದ್ವು ಅತ್ತೆ. ನಿಮ್ಮ ಒಳ್ಳೇದಕ್ಕೇ ಮಾಡ್ಸೀನಿ" ಅಂದಳು. ಅಜ್ಜಿ ಮತ್ತೆ ಕನ್ನಡಕ ಹಾಕಿಕೊಂಡು ಒಳಗೆ ಹೋದಳು. ಆ ವರ್ಷದ ಚಳಿಗಾಲ ಅವಳು ದಾಟಲಿಲ್ಲ.

ದೊಡ್ಡವ್ವನಿಗೆ ಗೊತ್ತಿಲ್ಲದ್ದು ಒಂದಿತ್ತು. ಅಜ್ಜಿಯ ಕೋಣೆಯ ಗೋಡೆಗೂಡಿನಲ್ಲಿ, ಹಳೆಯ ಸೀರೆಯ ಚೂರಿನಲ್ಲಿ, ಗೌರಿ ಹೂವಿನ ಬೀಜದ ಗಂಟಿತ್ತು. ಮಳೆಯಲ್ಲಿ ಬಳಿಸಿದ ಸಿಮೆಂಟು ಬೇಸಿಗೆಗೆ ಗದ್ದೆಯಂತೆ ಬಿರಿಯಿತು. ಮಾಡಿದ್ದುಣ್ಣೋ ಮಾರಾಯ ಎಂದುಕೊಂಡು, ಪೊರಕೆಕಡ್ಡಿಯಿಂದ ಒಂದೊಂದೇ ಬೀಜವನ್ನು ಬಿರುಕಿಗೆ ತುರುಕಿದೆ. ಮುಂಗಾರಿಗೆ ಹಸಿರೆದ್ದಿತು. ಕಾಯಿ ಕಟ್ಟಿದ ಮೇಲೆ ದೊಡ್ಡವ್ವ ಕಿತ್ತಳು. ಕಿತ್ತಾಗ ಮಾಗಿದ ಕಾಯಿಗಳು ಅವಳ ಕೈಯಲ್ಲೇ ಒಡೆದು ಹಿತ್ತಲ ತುಂಬ ಬೀಜ ಚೆಲ್ಲಿದವು. ಮರುವರ್ಷ ಎರಡರಷ್ಟು ಗಿಡ. ಕುದಿಯುವ ನೀರು ಹೊಯ್ದಳು, ಉಪ್ಪು ಸುರಿದಳು. "ಯಾವ ಶನಿ ತಂದು ಹಾಕ್ತೈತೋ!" ಎಂದು ಅವಳು ಕೂಗಾಡುವುದನ್ನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದೆ. ಹೋಳಿಗೆ ತಿಂದಷ್ಟು ಸುಖವಾಗುತ್ತಿತ್ತು. ಮದುವೆಯಾಗಿ ನ್ಯಾಮತಿಗೆ ಬಂದ ಮೇಲೂ ತವರಿಗೆ ಹೋದಾಗಲೆಲ್ಲ ಸೆರಗಿನ ತುದಿಯಲ್ಲಿ ಬೀಜ ಇದ್ದೇ ಇರುತ್ತಿತ್ತು. ಕೂದಲು ನೆರೆತರೂ ಬಿಡಲಿಲ್ಲ.

ಹೋದ ವರ್ಷ ಇಂಥದೇ ಮಳೆಯಲ್ಲಿ ದೊಡ್ಡವ್ವ ತೀರಿಕೊಂಡಳು. ಹೊನ್ನಾಳಿಯಿಂದ ಹಾರ ತರಲು ಹೋದ ಬೈಕು ರಸ್ತೆಯ ಮೇಲೆ ಹೊಳೆ ನೀರು ಬಂದು ಅರ್ಧದಾರಿಯಲ್ಲೇ ನಿಂತಿತು. ಕೂರಿಸಿದ ಹೆಣದ ಹಣೆಯ ಮೇಲೆ ವಿಭೂತಿ ಇತ್ತು, ಕೊರಳು ಬರಿದಾಗಿತ್ತು. "ಹೂವಿಲ್ದೆ ಹೆಂಗೆ ಕಳಿಸಾಕೆ ಆಗ್ತೈತೆ? ಹಿತ್ಲಾಗೆ ಏನಾರ ಐತೇನೆ ನೋಡೆ" ಎಂದು ಅವಳ ಮಗಳು ನನ್ನನ್ನೇ ಬೇಡಿಕೊಂಡಳು. ಹಿತ್ತಲಲ್ಲಿ ಇದ್ದದ್ದು ಅದೊಂದೇ. ಮೊಣಕಾಲುದ್ದ ಬೆಳೆದ ಗಿಡದಿಂದ ಹೂವು, ಕಾಯಿ ಎರಡನ್ನೂ ಬೇಕೆಂದೇ ಸೇರಿಸಿ ಕಿತ್ತು, ದೊಡ್ಡವ್ವನ ಮಡಿಲು ತುಂಬಿಸಿದೆ. ಕಾಯಿಗಳು ಅವಳ ಮಡಿಲಲ್ಲಿ ಟಪ್ಪೆಂದವು. ಹೊಲದ ಗುಂಡಿಗೆ ಮಣ್ಣೆಳೆಯುವಾಗ ಉಳಿದದ್ದನ್ನೂ ಮೇಲೆ ಚೆಲ್ಲಿದೆ. ಎಲ್ಲರೂ ಅತ್ತರು. ನಾನು ಅಳಲಿಲ್ಲ.

ಅದೇ ಮಳೆಗೆ ಆ ಹಳೆಯ ಮನೆಯೂ ಬಿದ್ದುಹೋಯಿತು. ಹೋದ ವಾರ ಕೊಡೆ ಹಿಡಿದು ಹೊಲಕ್ಕೆ ಹೋಗಿದ್ದೆ, ಗೆದ್ದದ್ದನ್ನು ಕಣ್ಣಾರೆ ನೋಡಲು. ದೊಡ್ಡವ್ವನ ಮಣ್ಣಿನ ತುಂಬ ಗುಲಾಬಿ, ಬಿಳಿ, ನೇರಳೆ. ಕೀಳಲು ಅವಳಿಗೀಗ ಕೈಯಿಲ್ಲ. ಹೊಟ್ಟೆ ತಣ್ಣಗಾಯಿತು ಎಂದುಕೊಳ್ಳುತ್ತಿದ್ದಂತೆ ಪಕ್ಕಕ್ಕೆ ಕಣ್ಣು ಹೋಯಿತು. ಅಲ್ಲಿ ಅಜ್ಜಿ ಮಲಗಿದ್ದಾಳೆ. ಅವಳ ಮೇಲೆ ಬರೀ ಹುಲ್ಲು. ಇಷ್ಟು ವರ್ಷ ಸೇಡಿಗೆಂದು ಬಿತ್ತಿದೆನಲ್ಲ, ಒಂದು ಬೀಜವನ್ನಾದರೂ ಅವಳ ಮಣ್ಣಿಗೆ ಹಾಕಬೇಕೆಂದು ನನಗೆ ತೋಚಿರಲೇ ಇಲ್ಲ. ದೊಡ್ಡವ್ವನ ಗಿಡಗಳಲ್ಲಿ ಮಾಗಿದ ಕಾಯಿಗೆ ತಡಕಾಡಿದೆ. ಎಲ್ಲ ಇನ್ನೂ ಎಳೆಯವು. ಆಗ ಅಳು ಬಂತು.

ಇವತ್ತು ಬಾಗಿಲಲ್ಲಿ ಒಡೆದದ್ದು ಈ ಮಳೆಗಾಲದ ಮೊದಲ ಮಾಗಿದ ಕಾಯಿ. ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೀಜವನ್ನೆಲ್ಲ ಹೆಕ್ಕಿ ಸೆರಗಿನ ತುದಿಗೆ ಕಟ್ಟಿಕೊಂಡಿದ್ದೇನೆ. ಇದರಲ್ಲಿ ಒಂದೂ ದೊಡ್ಡವ್ವನಿಗಲ್ಲ.