ಹಸಿರು ಡಬ್ಬಿಯ ಮಗು

ಪತ್ರಾಗಾರ ಪಾಲಕರ ರಾಷ್ಟ್ರೀಯ ಸಂಘದಲ್ಲಿ ಅವರನ್ನು ಎಲ್ಲರೂ ಪೆಟ್ಟಿಗೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಸಂಘದ ತರಬೇತಿ ಕಾರ್ಯದರ್ಶಿಯಾಗಿ ಊರೂರು ಸುತ್ತಿ ಅವರು ಹೊಸಬರಿಗೆ ಬೋಧಿಸುತ್ತಿದ್ದ ಮೊದಲ ಪಾಠ ಒಂದೇ: ವಸ್ತುಗಳು ಯಾವ ಕ್ರಮದಲ್ಲಿ ಬಂದವೋ ಆ ಕ್ರಮವನ್ನು ಕೆಡಿಸಲಾಗದು; ಕೂಡಿಟ್ಟವರ ಮನಸ್ಸು ಆ ಕ್ರಮದಲ್ಲಿಯೇ ನೆಲೆಸಿರುತ್ತದೆ.

ಅಂಥವರೇ ಅದನ್ನು ಕೆಡಿಸಿದರು.

ಪಟ್ಟಣದ ಹಳೆಯ ಸ್ಟುಡಿಯೋದ ಫೋಟೋಗ್ರಾಫರರು ತೀರಿಕೊಂಡ ಮೇಲೆ ಅವರ ಪತ್ನಿ, ನೆಗೆಟಿವ್ ತುಂಬಿದ ಬಿಸ್ಕತ್ತಿನ ಡಬ್ಬಿಗಳನ್ನೆಲ್ಲ ಮೇಷ್ಟ್ರ ಪತ್ರಾಗಾರಕ್ಕೆ ಒಪ್ಪಿಸಿದ್ದರು. ಒಂದು ಮನೆಗೆ ಒಂದು ಡಬ್ಬಿ. ಮೇಲೆ ಬರಹವಿಲ್ಲ, ಯಾವ ಬಣ್ಣದ್ದು, ಎಲ್ಲಿ ನೆಗ್ಗಿದ್ದು ಯಾರ ಮನೆಯದೆಂಬುದು ಆಕೆಗೆ ಮಾತ್ರ ಗೊತ್ತು. ಆ ತಿಂಗಳೇ ಸಂಘದ ಸಮ್ಮೇಳನ ಅಲ್ಲಿ ನಡೆಯುವುದಿತ್ತು. ದೇಶದ ಪಾಲಕರೆಲ್ಲ ಬಂದು ನೋಡುವ ತಮ್ಮ ಕೊಠಡಿಯಲ್ಲಿ ತುಕ್ಕು ಹಿಡಿದ ರಾಶಿಯೇ ಎಂಬ ಲಜ್ಜೆ ಮೇಷ್ಟ್ರನ್ನು ಆವರಿಸಿತು. ಆಕೆಯನ್ನು ಕರೆಸಿ ಕೇಳುವಷ್ಟೂ ತಾಳ್ಮೆಯಿಲ್ಲದೆ, ಡಬ್ಬಿಗಳನ್ನು ಬರಿದುಮಾಡಿ, ನೆಗೆಟಿವ್‌ಗಳನ್ನು ಅಳತೆಗನುಸಾರವಾಗಿ ಬಿಳಿಯ ಪೆಟ್ಟಿಗೆಗಳಲ್ಲಿ ಜೋಡಿಸಿದರು. ಡಬ್ಬಿಗಳು ಗುಜರಿಗೆ ಹೋದವು.

"ಕೋಣೆ ಅಂದ್ರೆ ಹೀಗಿರ್ಬೇಕು ನೋಡಿ" ಎಂದು ಸಂಘದ ಅಧ್ಯಕ್ಷರು ಬೆನ್ನು ತಟ್ಟಿದರು.

ಮರುವಾರ ಫೋಟೋಗ್ರಾಫರರ ಪತ್ನಿ ಬಂದರು.

"ಮೇಷ್ಟ್ರೇ, ಆ ಹಸಿರು ಡಬ್ಬಿ ಸ್ವಲ್ಪ ತೆಗೀರಿ. ಮುಚ್ಚಳ ನೆಗ್ಗಿರೋದು. ಅದು ನಮ್ಮನೇದು."

"ಅದರಲ್ಲಿ ಏನಿತ್ತಮ್ಮಾ?"

"ನನ್ನ ಮಗಳು. ವರ್ಷ ತುಂಬೋಕೆ ಮುಂಚೆನೇ ಹೋಗ್ಬಿಟ್ಲು. ಅವರಪ್ಪ ತೆಗೆದಿದ್ದು ಒಂದೇ ಫೋಟೋ. ಪ್ರಿಂಟ್ ಹಾಕೋಕೆ ಅವರಿಗೆ ಕೊನೇವರೆಗೂ ಕೈ ಬರ್ಲಿಲ್ಲ. ನನಗೀಗ ಧೈರ್ಯ ಬಂದಿದೆ."

ಮೇಷ್ಟ್ರು ತಡವರಿಸುತ್ತ ನಡೆದುದನ್ನು ಹೇಳಿದರು. ಆಕೆ ಬಿಳಿಯ ಸಾಲುಗಳನ್ನು ಬಹಳ ಹೊತ್ತು ನೋಡಿ, "ಚೆನ್ನಾಗಿ ಜೋಡ್ಸಿದೀರಿ" ಎಂದರು. ಆ ಮಾತಿನಲ್ಲಿ ಕುಹಕವಿರಲಿಲ್ಲ. ಇಲ್ಲದ್ದರಿಂದಲೇ ಅದು ನೇರವಾಗಿ ಎದೆಗೆ ನಾಟಿತು.

ಅಂದಿನಿಂದ ಭಾನುವಾರಗಳಂದು ಇಬ್ಬರೂ ಆ ಕೊಠಡಿಯಲ್ಲಿ ಎದುರುಬದುರಾಗಿ ಕುಳಿತರು. ಮೇಷ್ಟ್ರು ಶಿಶುಗಳ ನೆಗೆಟಿವ್‌ಗಳನ್ನು ಆರಿಸಿ, ಪ್ರಿಂಟ್ ಹಾಕಿಸಿ, ಆಕೆಯ ಮುಂದೆ ಇಡುವರು. ಆಕೆ ಮಬ್ಬುಗಣ್ಣಿಗೆ ಹತ್ತಿರ ಹಿಡಿದು ನೋಡಿ ಪಕ್ಕಕ್ಕಿಡುವರು.

"ಬೋಳುತಲೆ, ಬೊಚ್ಚುಬಾಯಿ. ಎಲ್ಲ ನಮ್ಮ ಮಾವನೋರ ಥರಾನೇ ಇದಾವೆ" ಎಂದು ಆಕೆಯೇ ನಗುವರು. ಮೇಷ್ಟ್ರಿಗೆ ನಗು ಬಾರದು.

"ಭಾನುವಾರನೂ ಆಫೀಸಾ? ಸಂಘದೋರು ಕಿರೀಟ ಇಡ್ತಾರೇನು?" ಎಂದು ಮನೆಯಲ್ಲಿ ಹೆಂಡತಿ ಚುಚ್ಚಿದರೆ, ಅವರು ಚಪ್ಪಲಿ ಮೆಟ್ಟಿ ಹೊರಡುವರು. ಸಂಘದ ಮುಂದಿನ ತರಬೇತಿಯಲ್ಲಿ ಮೊದಲ ಪಾಠಕ್ಕೆ ಎದ್ದು ನಿಂತವರು, ಗಂಟಲು ಕಟ್ಟಿದೆಯೆಂದು ನೆಪ ಹೇಳಿ ಕಿರಿಯರೊಬ್ಬರಿಗೆ ಅದನ್ನು ಬಿಟ್ಟುಕೊಟ್ಟು ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತರು.

ಒಂದು ಸಂಜೆ ಆಕೆ ಒಂದು ಚಿತ್ರವನ್ನೆತ್ತಿ, "ಇವಳೇ" ಎಂದರು.

ಮೇಷ್ಟ್ರಿಗೆ ಜೀವ ಬಂದಂತಾಯಿತು. ಮರುಕ್ಷಣವೇ ಅವರ ದೃಷ್ಟಿ ಮಗುವಿನ ಹಿಂದಿನ ಪರದೆಯ ಮೇಲೆ ಬಿತ್ತು: ಸರೋವರ, ಎರಡು ಹಂಸ. ಮಗಳು ಹೋದ ಮೇಲೆ ಹಳೆಯ ಪರದೆಯನ್ನು ನೋಡಲಾರದೆ ಗಂಡ ಹೊಸದಾಗಿ ಬರೆಸಿದ್ದೇ ಆ ಹಂಸದ ಪರದೆಯೆಂದು ಆಕೆಯೇ ಹಿಂದೊಮ್ಮೆ ಹೇಳಿದ್ದರು.

"ಅಮ್ಮಾ, ಈ ಹಂಸ..."

"ಗೊತ್ತಪ್ಪಾ. ನೀವು ಕೊರಗಿ ಕೊರಗಿ ಅರ್ಧ ಆಗಿದೀರಿ. ಇದನ್ನೇ ಮನೆಗೆ ತಗೊಂಡ್ಹೋಗ್ತೀನಿ. ನಿಮಗೂ ಸಮಾಧಾನ, ನನಗೂ ಸಮಾಧಾನ."

ಕ್ಷಮೆ ಅಷ್ಟು ಸಮೀಪಕ್ಕೆ ಬಂದು ನಿಂತಿತ್ತು; ಕೈ ಚಾಚಿದರೆ ಸಾಕಿತ್ತು. ಮೇಷ್ಟ್ರು ಕೈ ಚಾಚಿದ್ದು ಚಿತ್ರಕ್ಕೆ. ಆಕೆಯ ಬೆರಳುಗಳಿಂದ ಅದನ್ನು ಮೆಲ್ಲನೆ ಬಿಡಿಸಿಕೊಂಡರು.

"ಬೇಡ ತಾಯಿ. ಇದು ಇನ್ಯಾರದೋ ಮಗು. ಅವರೂ ಹುಡುಕಿಕೊಂಡು ಬರಬಹುದು."

ಆಕೆ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ಮೇಷ್ಟ್ರು ಮುಂದಿನ ಬಿಳಿಯ ಪೆಟ್ಟಿಗೆಯನ್ನು ಎಳೆದುಕೊಂಡರು.