ಕಿವಿಯಣ್ಣನಿಗೆ ಕೇಳಿಸದ ಸದ್ದು

ಗಾಡಿ ರಿಪೇರಿಯ ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಕಿವಿಯಣ್ಣ. ಗಾಡಿ ಶೆಡ್ಡಿನ ಬಾಗಿಲಿಗೆ ಬರುವಷ್ಟರಲ್ಲೇ, ಬಾನೆಟ್ ಎತ್ತುವ ಮೊದಲೇ, "ಮೂರನೇ ಸಿಲಿಂಡರ್ ಸೋಮಾರಿ ಆಗಿದೆ" ಎಂದುಬಿಡುತ್ತಿದ್ದ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಐವತ್ತೈದು ದಾಟಿದ ಮೇಲೂ ಆ ಹೆಸರೆಂದರೆ ಅವನಿಗೆ ಒಳಗೊಳಗೇ ಹಿಗ್ಗು. ಆದ್ದರಿಂದಲೇ, ಈಚೆಗೆ ಕುಕ್ಕರ್ ಕೂಗುವುದು ತನಗೆ ಕೇಳಿಸುತ್ತಿಲ್ಲ ಎಂಬುದನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ನರ್ಸ್ ಕೆಲಸ ಮುಗಿಸಿ ಬಂದ ಹೆಂಡತಿ ಸೀದುಹೋದ ಪಾತ್ರೆ ಮುಂದಿಟ್ಟು ಕೇಳಿದರೆ, "ಏನೋ ಯೋಚನೆಯಲ್ಲಿದ್ದೆ" ಎಂದು ಜಾರಿಕೊಳ್ಳುತ್ತಿದ್ದ.

ಆ ಸಮಯಕ್ಕೆ ಅತ್ತೆ ಬಂದಿದ್ದರು. ಅವರ ಮನೆಯ ಚಾವಣಿ ರಿಪೇರಿಗೆ ಬಿಚ್ಚಿದ್ದರಿಂದ, ಮುಗಿಯುವ ತನಕ ಮಗಳ ಮನೆಯಲ್ಲಿ ಠಿಕಾಣಿ. ಮದುವೆಯಾಗಿ ಇಷ್ಟು ವರ್ಷವಾದರೂ ಅತ್ತೆ-ಅಳಿಯನ ನಡುವಿನ ಮಾತೆಂದರೆ "ಊಟ ಆಯ್ತಾ ಅಳಿಯಂದ್ರೇ", "ಆಯ್ತು ಅತ್ತೆ, ನಿಮ್ಮದು?" ಅಷ್ಟೇ. ಅದಕ್ಕಿಂತ ಮುಂದೆ ಹೋಗಲು ಇಬ್ಬರಿಗೂ ಸಂಕೋಚ. ಅತ್ತೆಯ ಕಿವಿ ಮಾತ್ರ ಬಹಳ ಸೂಕ್ಷ್ಮ. ನಲ್ಲಿ ತೊಟ್ಟಿಕ್ಕಿದರೆ ಅವರಿಗೆ ನಿದ್ದೆಯಿಲ್ಲ. ಪಕ್ಕದ ಮನೆಯ ಗಂಡ-ಹೆಂಡಿರ ಪಿಸುಮಾತಿನ ಜಗಳ ಬೆಳಗಿನ ಕಾಫಿಯ ಹೊತ್ತಿಗೆ ಇವರ ಬಾಯಲ್ಲಿ. ಮನೆ ಶೆಡ್ಡಿನ ಮೇಲೆಯೇ ಇದ್ದದ್ದರಿಂದ, ಮಗಳು ಕೆಲಸಕ್ಕೆ ಹೋದ ಮೇಲೆ ಬೇಜಾರಾಗಿ ಮೆಟ್ಟಿಲಿಳಿದು ಬಂದು ಅಳಿಯನ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ಒಂದು ಬೆಳಿಗ್ಗೆ ಹಲ್ಲಿನ ಡಾಕ್ಟರಮ್ಮನ ಕಾರು ಬಂತು. ಹಳೆಯ ಗಾಡಿ, ಆದರೆ ಅದರ ಮೇಲೆ ಅವರಿಗೆ ಜೀವ. ಕ್ಲಿನಿಕ್ ಗುಡ್ಡದ ನೆತ್ತಿಯಲ್ಲಿತ್ತು. ಏರು ಹತ್ತುವಾಗ ಸೈಕಲ್ಲಿನವರೂ ತಮ್ಮನ್ನು ಹಿಂದೆ ಹಾಕುತ್ತಾರೆ ಎಂಬುದು ಡಾಕ್ಟರಮ್ಮನ ದೂರು. ಅದಕ್ಕೇ ಬೇರೆ ಕಂಪನಿಯ ಸೂಪರ್‌ಚಾರ್ಜರ್ ತರಿಸಿ, ಇನ್ನೊಂದು ಗ್ಯಾರೇಜಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತ, ಸಿಲಿಂಡರಿನೊಳಗೆ ಗಾಳಿಯನ್ನು ಒತ್ತಿ ಒತ್ತಿ ತುಂಬುವ ಯಂತ್ರ ಅದು. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಬೇಕು, ಕಿಡಿ ಹಾರುವ ಗಳಿಗೆಯೂ ಬದಲಾಗಬೇಕು. ಇಂಜಿನ್ನಿನ ಕಂಪ್ಯೂಟರಿಗೆ ಇದನ್ನೆಲ್ಲ ಹೊಸದಾಗಿ ಕಲಿಸುವುದೇ ಟ್ಯೂನಿಂಗ್.

ಕಿವಿಯಣ್ಣ ಚಕ್ರಗಳನ್ನು ಶಕ್ತಿ ಅಳೆಯುವ ನೆಲದ ರೋಲರುಗಳ ಮೇಲೆ ಕೂರಿಸಿ, ಗಾಡಿಗೆ ಪಟ್ಟಿ ಬಿಗಿದು, ಮೊದಲು ಪೆಟ್ರೋಲಿನ ಲೆಕ್ಕ ಸರಿಮಾಡಿದ. ಆಮೇಲೆ ಕಿಡಿಯ ಕೆಲಸ. ಕಿಡಿಯನ್ನು ಒಂದೊಂದೇ ಡಿಗ್ರಿ ಮುಂಚೆ ಹಾರಿಸುತ್ತ ಹೋದರೆ ಶಕ್ತಿ ಏರುತ್ತದೆ; ತೀರಾ ಮುಂಚೆಯಾದರೆ ಒಳಗಿನ ಅನಿಲ ತಾನಾಗಿ ಸಿಡಿದು ಪಿಸ್ಟನ್ನನ್ನು ಕುಟ್ಟುತ್ತದೆ. ಆ ಕುಟ್ಟುವಿಕೆಗೆ ನಾಕಿಂಗ್ ಎನ್ನುತ್ತಾರೆ. ಅದರ ಮೊದಲ ಚಿಕ್ಕ ಸದ್ದು ಕೇಳಿದ ತಕ್ಷಣ ಹಿಂದೆ ಸರಿಯಬೇಕು. ಅದಕ್ಕಾಗಿ ಇಂಜಿನ್ನಿಗೆ ಒಂದು ಮೈಕು ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು ಕೂತ. ಇಂಜಿನ್ ತಣಿಸಲು ಮುಂದಿಟ್ಟ ದೊಡ್ಡ ಫ್ಯಾನಿನ ಅಬ್ಬರಕ್ಕೆ ಅತ್ತೆ ಕಿವಿ ಮುಚ್ಚಿಕೊಂಡದ್ದು ನೋಡಿ, ಗಿರಾಕಿಗಳಿಗೆಂದು ಆ ಮೈಕಿನ ಪೆಟ್ಟಿಗೆಗೇ ಸಿಕ್ಕಿಸಿದ್ದ ಇನ್ನೊಂದು ಹೆಡ್‌ಫೋನನ್ನು ಅವರ ಕೈಗೆ ಕೊಟ್ಟ.

ಒಂದು ಡಿಗ್ರಿ ಏರಿಸಿದ. ಸದ್ದಿಲ್ಲ. ಇನ್ನೊಂದು. ಮತ್ತೂ ಒಂದು. ಕಂಪ್ಯೂಟರಿನ ಪರದೆಯ ಮೇಲೆ ಶಕ್ತಿಯ ಗೆರೆ ಏರುವುದನ್ನು ನಿಲ್ಲಿಸಿತ್ತು. ಬೆಲ್ಟ್ ಜಾರುತ್ತಿರಬೇಕು ಎಂದುಕೊಂಡ. ಕಿವಿ ಸುಮ್ಮನಿರುವಾಗ ಗೆರೆಯನ್ನು ನಂಬುವ ಅಭ್ಯಾಸ ಅವನಿಗಿರಲಿಲ್ಲ.

"ಅಳಿಯಂದ್ರೇ," ಅತ್ತೆ ಅವನ ತೋಳು ತಟ್ಟಿದರು. "ಅದೇನದು, ತಗಡಿನ ಮೇಲೆ ಸಾಸಿವೆ ಸುರಿದ ಹಾಗೆ?"

"ಎಲ್ಲಿ?"

"ಇದರೊಳಗೆ. ಆಗಿನಿಂದ ಬರ್ತಾನೇ ಇದೆ. ನಿಮಗೆ ಕೇಳ್ತಿಲ್ವಾ?"

ಕಿವಿಯಣ್ಣ ಆ ಕ್ಷಣವೇ ಇಂಜಿನ್ ಆಫ್ ಮಾಡಿದ. ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ನೋಡಿದ. ಬಿಳಿಯ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಚಿಮುಕಿಸಿದಂತೆ ಕಪ್ಪು ಚುಕ್ಕೆ, ನಡುವೆ ಒಂದೆರಡು ಮಿನುಗುವ ಕಣ. ಪಿಸ್ಟನ್ನಿನ ಲೋಹ ಅದು. ಒಂದೊಂದೇ ಸಿಲಿಂಡರಿನ ಒತ್ತಡ ಅಳೆದು ನೋಡಿದ. ಸದ್ಯ, ಎಲ್ಲವೂ ಗಟ್ಟಿಯಾಗಿದ್ದವು. ಇನ್ನೊಂದೆರಡು ಸಲ ಓಡಿಸಿದ್ದರೆ ಪಿಸ್ಟನ್ ತೂತು ಬೀಳುತ್ತಿತ್ತು. ಪ್ಲಗ್ಗನ್ನು ಹಿಡಿದುಕೊಂಡೇ ರೋಲರಿನ ಅಂಚಿನಲ್ಲಿ ಕೂತ.

"ನಂಗೆ ಕೇಳಿಸ್ತಿಲ್ಲ ಅತ್ತೆ. ಇದೊಂದೇ ಅಲ್ಲ. ಎಷ್ಟೋ ದಿನದಿಂದ."

ಅತ್ತೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. ಸಮಾಧಾನ ಹೇಳಲು ಹೋಗಲಿಲ್ಲ. "ಅಲ್ಲಿ ಎಣ್ಣೆ ಚೆಲ್ಲಿದೆ, ಈ ಕಡೆ ಬಂದು ಕೂತ್ಕೋಪ್ಪಾ" ಎಂದರು. ಅವರು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಹೇಳಿದವರಿಗೂ ಅದು ಗಮನಕ್ಕೆ ಬಂದಂತಿರಲಿಲ್ಲ.

ಏನೋ ನೆಪ ಹೇಳಿ ಗಾಡಿಯನ್ನು ವಾಪಸ್ ಕಳಿಸಿಬಿಡಬಹುದಿತ್ತು. ಬೆಲ್ಟಿನ ಮೇಲೆ, ಕೂರಿಸಿದವರ ಮೇಲೆ ತಪ್ಪು ಹೊರಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಅವನ ತಲೆಗೆ ಬಂದದ್ದೂ ನಿಜ. ಆದರೆ ಸಂಜೆ ಡಾಕ್ಟರಮ್ಮ ಬಂದಾಗ, ಅವನು ಆ ಪ್ಲಗ್ಗನ್ನೇ ಅವರ ಅಂಗೈಯಲ್ಲಿಟ್ಟ.

ಅವರು ಹಲ್ಲು ನೋಡುವ ಹಾಗೆಯೇ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇಂಜಿನ್ ಹೋಯ್ತಾ?"

"ಇಲ್ಲ. ಹೋಗೋದರಲ್ಲಿತ್ತು. ನನ್ನ ಕಿವಿ ಕೆಟ್ಟಿದೆ ಮೇಡಂ, ಸದ್ದು ನಂಗೆ ಕೇಳಿಸ್ಲಿಲ್ಲ. ಇವರಿಗೆ, ನಮ್ಮತ್ತೆಗೆ, ಕೇಳಿಸ್ತು. ಬೇರೆ ಕಡೆ ಮಾಡಿಸ್ತೀರಾ ಅಂದ್ರೆ ನಾನು ಬೇಜಾರು ಮಾಡ್ಕೊಳ್ಳಲ್ಲ."

ಡಾಕ್ಟರಮ್ಮನಿಗೆ ಸಿಟ್ಟು ಬಂದಿತ್ತು. ಅದನ್ನು ಅವರು ಮುಚ್ಚಿಡಲೂ ಇಲ್ಲ. ಯೋಚಿಸಿ ಹೇಳುತ್ತೇನೆಂದು ಆಟೋ ಹಿಡಿದು ಹೊರಟುಹೋದರು. ಮರುದಿನವೆಲ್ಲ ಫೋನಿಲ್ಲ. ಅದರ ಮಾರನೆಯ ದಿನ ತಾವೇ ಬಂದರು. "ಬೇರೆಯವರನ್ನ ವಿಚಾರಿಸ್ದೆ. ನನ್ನ ಕಾರು ನೋಡದೇ 'ಏನೂ ತೊಂದರೆ ಇಲ್ಲ, ಬಿಟ್ಟು ಹೋಗಿ' ಅಂದ್ರು. ಅದು ಕೇಳಿ ನಂಗೆ ಇನ್ನೂ ಭಯ ಆಯ್ತು. ನೀವೇ ಮುಗಿಸಿ. ಆದ್ರೆ ಇವರು ಪಕ್ಕದಲ್ಲಿರ್ಬೇಕು."

ಅತ್ತೆಗೆ ಪಾಠ ಶುರುವಾಯಿತು. ಒಳ್ಳೆಯ ಸದ್ದು ಯಾವುದು, ಕೆಟ್ಟದ್ದು ಯಾವುದು, ವಾಲ್ವುಗಳ ಟಕಟಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಕೆಟ್ಟದ್ದು ಕೇಳಿದರೆ ಕೈ ಎತ್ತಬೇಕು ಎಂದೆಲ್ಲ ಕಿವಿಯಣ್ಣ ವಿವರಿಸಿದ. ಅತ್ತೆಯ ಕರಾರುಗಳೂ ಇದ್ದವು: ಬೆನ್ನಿಗೆ ದಿಂಬು ಬೇಕು, ಫ್ಯಾನಿನ ಗಾಳಿ ಮುಖಕ್ಕೆ ಬಡಿಯಬಾರದು, ಊಟವಾದ ಮೇಲೆ ಕೆಲಸ ಇಲ್ಲ, ಕಣ್ಣು ಎಳೆಯುತ್ತದೆ. ಮೊದಲ ದಿನ ಅವರು ಎಲ್ಲದಕ್ಕೂ ಕೈ ಎತ್ತಿದರು. ಮೇಜಿನ ಮೇಲಿನ ಫೋನ್ ನಡುಗಿದ್ದಕ್ಕೂ ಕೈ ಎತ್ತಿದರು. "ಹೀಗಾದ್ರೆ ನಾವು ಗಾಡಿನ ತಳ್ಕೊಂಡೇ ಗುಡ್ಡ ಹತ್ತಿಸ್ಬೇಕು ಅತ್ತೆ" ಎಂದ. ಅವರು ನಕ್ಕದ್ದಕ್ಕೆ ದಿಂಬು ಜಾರಿ ಕೆಳಗೆ ಬಿತ್ತು.

ಎರಡನೆಯ ಬೆಳಿಗ್ಗೆ ಹದ ಸಿಕ್ಕಿತು. ಇಂಜಿನ್ನಿನ ಕೂಗು ಏರುತ್ತಿದ್ದಂತೆ ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ಒಂದು ಗಳಿಗೆಯಲ್ಲಿ ತೋರುಬೆರಳು ಮಾತ್ರ ಮೇಲೆದ್ದಿತು. ಅದೇ ಗಳಿಗೆಗೆ ಪರದೆಯ ಗೆರೆಯೂ ಚೂರು ಬಾಗಿದ್ದನ್ನು ಕಿವಿಯಣ್ಣ ಕಂಡ. ಅಲ್ಲಿಂದ ಹಿಂದೆ ಸರಿಸಿ ನಿಲ್ಲಿಸಿದ. ಆಮೇಲೆ ರಸ್ತೆಯ ಪರೀಕ್ಷೆ: ಡಾಕ್ಟರಮ್ಮ ಓಡಿಸಿದರು, ಪಕ್ಕದಲ್ಲಿ ಕಂಪ್ಯೂಟರ್ ಹಿಡಿದು ಅವನು, ಹಿಂದೆ ಹೆಡ್‌ಫೋನ್ ಹಾಕಿಕೊಂಡು ಅತ್ತೆ. ಗುಡ್ಡದ ತಿರುವಿನಲ್ಲಿ ಗಾಡಿ ಸಲೀಸಾಗಿ ಎದ್ದು ನುಗ್ಗಿತು. ಡಾಕ್ಟರಮ್ಮ ಮೇಲೆ ಹೋಗಿ ತಿರುಗಿಸಿಕೊಂಡು ಬಂದು, ಮತ್ತೊಮ್ಮೆ ಹತ್ತಿಸಿದರು.

ಆ ವಾರವೇ, ವಿಷಯ ತಿಳಿದ ಹೆಂಡತಿ ಅವನನ್ನು ಕಿವಿಯ ಡಾಕ್ಟರರ ಬಳಿಗೆ ಕರೆದೊಯ್ದಳು. ಮೆತ್ತೆ ಹೊದಿಸಿದ ಪುಟ್ಟ ಕೋಣೆಯಲ್ಲಿ, ದನಿ ಕೇಳಿದಾಗ ಒತ್ತುವ ಗುಂಡಿ ಹಿಡಿದು ಕೂತ. ಸಣ್ಣ ದನಿಗಳೆಲ್ಲ ಅವನನ್ನು ಸವರದೆ ದಾಟಿಹೋದವು. ವರ್ಷಗಟ್ಟಲೆ ಇಂಜಿನ್ನುಗಳ ನಡುವೆ ಇದ್ದದ್ದರ ಫಲ, ಹೋದದ್ದು ವಾಪಸ್ ಬರುವುದಿಲ್ಲ ಎಂದರು ಡಾಕ್ಟರು. ಹೊರಗೆ ಬಂದು ಬಹಳ ಹೊತ್ತು ಸ್ಕೂಟರ್ ಸ್ಟಾರ್ಟ್ ಮಾಡದೆ ನಿಂತಿದ್ದ. ಹೆಂಡತಿ ಕೀಲಿ ಇಸಿದುಕೊಂಡು ತಾನೇ ಓಡಿಸಿದಳು.

ಈಗ ಅವನ ಕಿವಿಯಲ್ಲಿ ಒಂದು ಪುಟ್ಟ ಯಂತ್ರವಿದೆ. ಮಾತಿಗೆ ಅದು ಸಾಕು, ನಾಕಿಂಗಿಗೆ ಸಾಲದು. ಸದ್ದನ್ನು ಗೆರೆಯಾಗಿ ತೋರಿಸುವ ಉಪಕರಣವೊಂದನ್ನು ತರಿಸಿ ನಿಧಾನವಾಗಿ ಓದಲು ಕಲಿಯುತ್ತಿದ್ದಾನೆ. ಗಿರಾಕಿಗಳಿಗೆ ವಿಷಯ ಮೊದಲೇ ಹೇಳಿಬಿಡುತ್ತಾನೆ. ಕೆಲವರು ಹಾಗೇ ತಿರುಗಿ ಹೋಗುತ್ತಾರೆ, ಉಳಿದವರು ಅತ್ತೆಯ ಕುರ್ಚಿಯ ಕಡೆ ನೋಡಿ ನಗುತ್ತಾರೆ. ನಿನ್ನೆ ಒಬ್ಬ ವ್ಯಾನಿನವನು ಫೋನ್ ಮಾಡಿ, ನಾಳೆ ಗಾಡಿ ತರಲೇ ಎಂದು ಕೇಳಿದ.

"ನಾಳೆ ಬೇಡ," ಎಂದ ಕಿವಿಯಣ್ಣ. "ನಮ್ಮತ್ತೆಗೆ ನೆಗಡಿ, ಕಿವಿ ಕಟ್ಟಿದೆ. ಮುಂದಿನ ವಾರ ಬನ್ನಿ."